ಎತ್ತಿನ ಗಾಡಿಯ ಬಾಡಿಗೆ

2024ರ ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ ನಮ್ಮ ಮನೆಯ ಹಾಲಿನ ಪ್ಯಾಕೆಟ್ ಸ್ವಲ್ಪ ಮೈ ತುಂಬಿಕೊಂಡು ಬಂತು. ಲೀಟರಿಗೆ 50 ಮಿಲಿ ಹಾಲು ಜಾಸ್ತಿ, 2 ರೂಪಾಯಿ ದುಡ್ಡೂ ಜಾಸ್ತಿ. ನಂದಿನಿಯ ನೀಲಿ ಪ್ಯಾಕೆಟ್ 42 ಇದ್ದದ್ದು 44 ಆಯಿತು. ಇದು ಬೆಲೆ ಏರಿಕೆ ಅಲ್ಲವೇ ಅಲ್ಲ ಎಂದಿತು ಸರ್ಕಾರ. ಜಾಸ್ತಿ ಹಾಲು ಕೊಟ್ಟಿದ್ದೇವೆ, ಅದರ ಕಾಸು ತಗೊಂಡಿದ್ದೇವೆ, ಅಷ್ಟೇ. ಲೆಕ್ಕ ಸರಿಯಾಗಿಯೇ ಇತ್ತು. ಹಳೆಯ ದರದಲ್ಲಿ 50 ಮಿಲಿಗೆ 2 ರೂಪಾಯಿ 10 ಪೈಸೆ ಆಗುತ್ತಿತ್ತು, 10 ಪೈಸೆ ನಮಗೇ ಉಳಿಯಿತು. ನಮ್ಮಮ್ಮ ಮಾತ್ರ ಪ್ಯಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, "ನಾವು ಕೇಳಿದ್ವಾ?" ಎಂದರು. ಎರಡು ಇಡ್ಲಿ ಹೇಳಿದವನ ತಟ್ಟೆಗೆ ಮಾಣಿ ತಾನಾಗಿಯೇ ವಡೆ ಇಟ್ಟು, ಬಿಲ್ಲಿನಲ್ಲೂ ಬರೆದು, "ಇಡ್ಲಿ ರೇಟು ಏರಿಸಿಲ್ಲ ಸಾರ್" ಎಂದ ಹಾಗಾಯಿತು.

2025ರ ಏಪ್ರಿಲ್ 1ರಂದು ವಡೆ ಮಾಯ. 50 ಮಿಲಿ ವಾಪಸ್ ಹೋಯಿತು. ದುಡ್ಡು ಮಾತ್ರ 46 ಆಯಿತು. ಮೊದಲಿನ 42ರ ಮೇಲೆ ಲೀಟರಿಗೆ ಏರಿಸಿದ 4 ರೂಪಾಯಿ ರೈತರಿಗೆ ಸಲ್ಲುತ್ತದೆ ಎಂದರು. ಸಲ್ಲಲಿ, ನನ್ನ ತಕರಾರಿಲ್ಲ. ಹಸುವಿಗೂ ಹಿಂಡಿ ಬೇಕು. ನನ್ನ ತಕರಾರು ಆ 50 ಮಿಲಿಯದು. ಅದು ಯಾಕೆ ಬಂತು? ಯಾಕೆ ಹೋಯಿತು? ಮಧ್ಯದ ಒಂಬತ್ತು ತಿಂಗಳು ಕೇಳದ ಹಾಲಿಗೆ ಇಡೀ ರಾಜ್ಯ ಕೊಟ್ಟ ದುಡ್ಡು ಎಷ್ಟು?

ಇಂಥದ್ದನ್ನು ಕೇಳೋಕೇ ಅಂತ ನಾವು ವಿರೋಧ ಪಕ್ಷ ಅಂತ ಒಂದನ್ನು ಸಾಕಿಕೊಂಡಿದ್ದೇವೆ. ಅವರ ಕೈಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಇದೆ, ಶೂನ್ಯವೇಳೆ ಇದೆ, ತುರ್ತು ವಿಷಯದ ಚರ್ಚೆಗೆ ಅಂತ ನಿಯಮ 69 ಇದೆ. ಎದ್ದು ನಿಂತು ಕೇಳಿದರೆ ಎರಡು ನಿಮಿಷದ ಕೆಲಸ. ಆದರೆ ಮಿಲಿಲೀಟರಿನ ಫೋಟೊ ಪೇಪರಿನಲ್ಲಿ ಚೆನ್ನಾಗಿ ಬರುವುದಿಲ್ಲ. ಎತ್ತಿನ ಗಾಡಿಯದು ಬರುತ್ತದೆ.

ಬೆಲೆ ಏರಿಕೆಯ ಅಧಿಕೃತ ವಾಹನ ನಮ್ಮ ದೇಶದಲ್ಲಿ ಎತ್ತಿನ ಗಾಡಿಯೇ. 1973ರ ನವೆಂಬರಿನಲ್ಲಿ ಪೆಟ್ರೋಲ್ ದುಬಾರಿಯಾಯಿತೆಂದು ವಾಜಪೇಯಿಯವರು ಸಂಸತ್ತಿಗೆ ಗಾಡಿ ಕಟ್ಟಿಸಿಕೊಂಡು ಬಂದರು. ಆಗ ಇಂದಿರಾ ಗಾಂಧಿ ಪ್ರಧಾನಿ. ಸುಮಾರು 48 ವರ್ಷ ಕಳೆದ ಮೇಲೆ, 2021ರ ಸೆಪ್ಟೆಂಬರ್ 13ರಂದು, ಇಂದಿರಾ ಅವರ ಪಕ್ಷದವರು ವಾಜಪೇಯಿಯವರ ಪಕ್ಷದ ಸರ್ಕಾರದ ವಿರುದ್ಧ ಬೆಂಗಳೂರಿನಲ್ಲಿ ಗಾಡಿ ಹತ್ತಿದರು. ಸಿದ್ದರಾಮಯ್ಯನವರು ಆಗ ವಿರೋಧ ಪಕ್ಷದ ನಾಯಕರು. ಡಿ.ಕೆ. ಶಿವಕುಮಾರ್ ಜೊತೆಗಿದ್ದರು. ಗಾಡಿ ವಿಧಾನಸೌಧದ ತನಕ ಹೋಯಿತು. ಮುಂದಿನ ವಾರ ಸೈಕಲ್ಲು. ವಿಧಾನಸೌಧದ ಹಣೆಯ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಬರೆದಿದೆಯಲ್ಲ, ಎತ್ತುಗಳಿಗೆ ಓದೋಕೆ ಬರುವುದಿಲ್ಲ, ಪುಣ್ಯ. ಬಂದಿದ್ದರೆ ವಿರೋಧ ಪಕ್ಷದ ಕೆಲಸ ಯಾರ ಕೆಲಸ ಎಂದು ಕೇಳುತ್ತಿದ್ದವು. ಈಗಿನ ಉತ್ತರ ಗೊತ್ತೇ ಇದೆ: ಎತ್ತಿನ ಕೆಲಸ.

2023ರಲ್ಲಿ ಸರ್ಕಾರ ಬದಲಾಯಿತು. ಗಾಡಿಯಲ್ಲಿ ಬಂದವರು ಕಾರಿನಲ್ಲಿ ಬಂದರು. 2024ರ ಜೂನ್ 15ರಂದು ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿ ಪೆಟ್ರೋಲ್ ಲೀಟರಿಗೆ 3 ರೂಪಾಯಿ ಜಾಸ್ತಿಯಾಯಿತು. ಬಿಜೆಪಿಯವರು ಬೀದಿಗಿಳಿದರು. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ಉತ್ತರ: ಏರಿಸಿದ ಮೇಲೂ ಅಕ್ಕಪಕ್ಕದ ರಾಜ್ಯಗಳಿಗಿಂತ ನಮ್ಮಲ್ಲೇ ಕಮ್ಮಿ. ಗಾಡಿಯ ಮೇಲೆ ಕೂತಿದ್ದಾಗ ಅಕ್ಕಪಕ್ಕದ ರಾಜ್ಯಗಳು ಯಾಕೆ ಕಾಣಿಸಲಿಲ್ಲವೋ. ಗಾಡಿ ಎತ್ತರ ಸಾಲದೇನೋ.

ಇದಕ್ಕೆ ನಾನೊಂದು ಕಾರಣ ಕಂಡುಹಿಡಿದಿದ್ದೇನೆ. ದೋಷ ಮನುಷ್ಯರದ್ದಲ್ಲ, ಕುರ್ಚಿಯದು. ಸದನದಲ್ಲಿ ವಿರೋಧ ಪಕ್ಷದವರು ಸಭಾಧ್ಯಕ್ಷರ ಎಡಗಡೆ ಕೂರುತ್ತಾರೆ. ಆ ಜಾಗದಲ್ಲಿ ಏನೋ ವಿಶೇಷ ಇದೆ. ಅಲ್ಲಿ ಕೂತ ತಕ್ಷಣ ಈರುಳ್ಳಿ, ಗ್ಯಾಸ್ ಸಿಲಿಂಡರ್, ಹಾಲು, ಬಸ್ ಟಿಕೆಟ್ ಎಲ್ಲದರ ರೇಟೂ ಪೈಸೆ ಸಮೇತ ಕಾಣುತ್ತದೆ. ಬಡ ತಾಯಂದಿರ ಕಣ್ಣೀರೂ ಕಾಣುತ್ತದೆ. ಅದೇ ಮನುಷ್ಯ ಎದ್ದು ನಾಲ್ಕು ಹೆಜ್ಜೆ ನಡೆದು ಬಲಗಡೆ ಕೂತರೆ ಕಣ್ಣಿಗೆ ಮಂಜು ಕವಿಯುತ್ತದೆ. ಅಲ್ಲಿಂದ ಕಾಣುವುದು ಅಂತಾರಾಷ್ಟ್ರೀಯ ಮಾರುಕಟ್ಟೆ, ಹಿಂದಿನ ಸರ್ಕಾರ ಮಾಡಿಟ್ಟ ಸಾಲ, ಪಕ್ಕದ ರಾಜ್ಯದ ಪೆಟ್ರೋಲ್ ಬಂಕು. ಮಿಂಟೋ ಆಸ್ಪತ್ರೆಯವರು ಒಮ್ಮೆ ಸದನದೊಳಗೇ ನೇತ್ರ ತಪಾಸಣೆ ಶಿಬಿರ ಮಾಡಿದರೆ ಒಳ್ಳೆಯದು.

ಈ ಕಾಯಿಲೆ ಒಂದೇ ದಿನ ಎರಡು ಕಡೆ ಹೇಗೆ ಕಾಣಿಸಿಕೊಳ್ಳುತ್ತದೆ ನೋಡಬೇಕಾದರೆ 2025ರ ಏಪ್ರಿಲ್ ನೋಡಬೇಕು. ಬಂಗಾರದಂಥ ತಿಂಗಳು ಅದು. 2ನೇ ತಾರೀಕು ಬಿಜೆಪಿಯವರು ರಾಜ್ಯ ಸರ್ಕಾರದ ಬೆಲೆ ಏರಿಕೆ ವಿರುದ್ಧ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಧರಣಿ ಕೂತರು. 7ನೇ ತಾರೀಕು ಮೈಸೂರಿನಲ್ಲಿ ಜನಾಕ್ರೋಶ ಯಾತ್ರೆ ಶುರು ಮಾಡಿದರು. ಹಾಲು, ಡೀಸೆಲ್ಲು, ಎಲ್ಲವನ್ನೂ ಹಿಡಿದು ಜಾಡಿಸಿದರು. ಅದೇ 7ನೇ ತಾರೀಕು ದೆಹಲಿಯಲ್ಲಿ ಅವರದೇ ಪಕ್ಷದ ಸರ್ಕಾರ ಅಡುಗೆ ಗ್ಯಾಸ್ ಸಿಲಿಂಡರಿಗೆ 50 ರೂಪಾಯಿ ಏರಿಸಿತು. ಪೆಟ್ರೋಲ್, ಡೀಸೆಲ್ ಮೇಲಿನ ಅಬಕಾರಿ ಸುಂಕವನ್ನೂ ಲೀಟರಿಗೆ 2 ರೂಪಾಯಿ ಜಾಸ್ತಿ ಮಾಡಿತು. ಒಂದು ದಿನ ತಡೆಯಬಾರದಿತ್ತಾ? ಯಾತ್ರೆ ಕನಿಷ್ಠ ಮಂಡ್ಯವನ್ನಾದರೂ ದಾಟುತ್ತಿತ್ತು. ಮನೆಯಲ್ಲಿ ಒಂದು ಮಾತು ಕೇಳದೆ ಮದುವೆಗೆ ದಿನ ಗೊತ್ತು ಮಾಡಿದರೆ ಹೀಗೇ.

ಕಾಂಗ್ರೆಸ್ಸಿನವರಿಗೆ ಹೋದ ಜೀವ ಬಂತು. 17ನೇ ತಾರೀಕು ಅವರೂ ಪ್ರತಿಭಟನೆ ಮಾಡಿದರು. ಎಲ್ಲಿ? ಅದೇ ಫ್ರೀಡಂ ಪಾರ್ಕಿನಲ್ಲಿ. ಬೆಂಗಳೂರಿನಲ್ಲಿ ಪ್ರತಿಭಟನೆಗೆ ಅಂತ ಇರುವುದೇ ಅದೊಂದು ಜಾಗ. ಹದಿನೈದು ದಿನದ ಅಂತರದಲ್ಲಿ ಒಂದೇ ಪಾರ್ಕು, ಒಂದೇ ವಿಷಯ, ಬೈಗುಳದ ದಿಕ್ಕು ಮಾತ್ರ ಬೇರೆ. ಶಾಮಿಯಾನದವನಿಗೆ ಹೇಳಿ ಬ್ಯಾನರನ್ನಷ್ಟೇ ಬದಲಾಯಿಸಿದ್ದರೆ ಖರ್ಚೂ ಉಳಿಯುತ್ತಿತ್ತು, ಬೆಲೆ ಏರಿಕೆಯ ಕಾಲ ನೋಡಿ. (ಈ ಪಾರ್ಕು ಹಿಂದೆ ಸೆಂಟ್ರಲ್ ಜೈಲಾಗಿತ್ತು. ಗಾಡಿಯಲ್ಲಿ ಸಂಸತ್ತಿಗೆ ಹೋಗಿದ್ದ ವಾಜಪೇಯಿಯವರನ್ನು 1975ರ ತುರ್ತು ಪರಿಸ್ಥಿತಿಯಲ್ಲಿ ಇಟ್ಟಿದ್ದು ಇಲ್ಲೇ. ಆಗ ಒಳಗೆ ಹಾಕುತ್ತಿದ್ದರು. ಈಗ ನಾವೇ ಹೋಗಿ ಕೂರುತ್ತೇವೆ.)

ಹೀಗೆ ಕರ್ನಾಟಕದ ಗ್ರಾಹಕನಿಗೆ ಒಂದು ಕೊಂಡರೆ ಒಂದು ಉಚಿತ ಎನ್ನುವ ಹಾಗೆ ಎರಡು ವಿರೋಧ ಪಕ್ಷಗಳು ಸಿಕ್ಕಿವೆ. ಎರಡು ಆಡಳಿತ ಪಕ್ಷಗಳೂ ಅವೇ. ಬೇರೆ ಸರಕಿನಲ್ಲಿ ಹೀಗೆ ಮಾಡಿದ್ದರೆ ಕೇಸು ಹಾಕಬಹುದಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜನರನ್ನು ದಾರಿ ತಪ್ಪಿಸುವ ಜಾಹೀರಾತು ಕೊಟ್ಟರೆ 10 ಲಕ್ಷ ರೂಪಾಯಿ ತನಕ ದಂಡ ಇದೆ. ಕೂದಲು ಬೆಳೆಯುತ್ತೆ ಅಂತ ಎಣ್ಣೆ ಮಾರುವವನು ಹೆದರಬೇಕು. ಬೆಲೆ ಇಳಿಯುತ್ತೆ ಅಂತ ಸದನದಲ್ಲಿ ಹೇಳುವವರು ಹೆದರಬೇಕಾಗಿಲ್ಲ. ಶಾಸನಸಭೆಯೊಳಗೆ ಆಡಿದ ಮಾತಿಗೆ ಯಾರೂ ಕೋರ್ಟಿಗೆ ಎಳೆಯುವಂತಿಲ್ಲ ಎಂದು ಸಂವಿಧಾನದ 194ನೇ ವಿಧಿಯೇ ಹೇಳುತ್ತದೆ. ಬಿಸ್ಕೆಟ್ ಪ್ಯಾಕಿನ ಮೇಲೆ ತೂಕ, ಬೆಲೆ, ತಯಾರಾದ ತಿಂಗಳು ಇರಲೇಬೇಕಲ್ಲ, ಭಾಷಣಕ್ಕೂ ಒಂದು ಚೀಟಿ ಅಂಟಿಸಲಿ: ಸರ್ಕಾರ ಬದಲಾಗುವ ಮುಂಚೆ ಬಳಸುವುದು ಉತ್ತಮ.

ದೆಹಲಿಯಲ್ಲಿ ಗಾಡಿ ಇಲ್ಲದಾಗ ತರಕಾರಿಯೂ ಆಗುತ್ತದೆ. 2022ರಲ್ಲಿ ಬೆಲೆ ಏರಿಕೆ ಬಗ್ಗೆ ಚರ್ಚೆ ಬೇಕೆಂದು ಫಲಕ ಹಿಡಿದ ನಾಲ್ವರು ಕಾಂಗ್ರೆಸ್ ಸದಸ್ಯರನ್ನು ಲೋಕಸಭೆಯಿಂದ ಅಮಾನತು ಮಾಡಿದ್ದರು. ಕೊನೆಗೆ ಆಗಸ್ಟ್ 1ರಂದು ಚರ್ಚೆ ಆಯಿತು. ತೃಣಮೂಲ ಕಾಂಗ್ರೆಸ್ಸಿನ ಕಾಕೋಲಿ ಘೋಷ್ ದಸ್ತಿದಾರ್ ಎದ್ದು ನಿಂತು, ಸಿಲಿಂಡರ್ ಈ ರೇಟಾದರೆ ಹಸಿ ತರಕಾರಿಯನ್ನೇ ತಿನ್ನಬೇಕಾ ಎಂದು ಕೇಳಿ, ಹಸಿ ಬದನೆಕಾಯಿಯನ್ನು ಕಚ್ಚಿಯೇಬಿಟ್ಟರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅಂತ ನಾವು ಬೈಯುತ್ತೇವೆ. ಅವರು ಎರಡನ್ನೂ ಒಟ್ಟಿಗೆ ಮಾಡಿದರು. ಸಿಲಿಂಡರ್ ಮಾತ್ರ ನಾಚಿಕೊಳ್ಳಲಿಲ್ಲ.

ಹಾಗಂತ ಜನಪ್ರತಿನಿಧಿಗಳು ಏನೂ ಮಾಡೋದಿಲ್ಲ ಅನ್ನಬಾರದು. ಜೀವನ ವೆಚ್ಚದ ಬಗ್ಗೆ ಅವರಷ್ಟು ಕಾಳಜಿ ಇರುವವರು ಕಮ್ಮಿ, ಯಾರ ಜೀವನ ಅನ್ನುವುದು ಬೇರೆ ಮಾತು. 2025ರ ಮಾರ್ಚ್ 21ರಂದು ನಮ್ಮ ವಿಧಾನಸಭೆ ರಣರಂಗವಾಗಿತ್ತು. ಕಾಗದ ಹರಿದು ಸಭಾಧ್ಯಕ್ಷರ ಕಡೆ ತೂರಿದರು. 18 ಬಿಜೆಪಿ ಶಾಸಕರು ಆರು ತಿಂಗಳಿಗೆ ಅಮಾನತಾದರು. ಆ ಗಲಾಟೆಯ ನಡುವೆಯೇ, ಚರ್ಚೆ ಇಲ್ಲದೆ, ಒಂದು ಮಸೂದೆ ತಣ್ಣಗೆ ಪಾಸಾಯಿತು. ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರ. ಮುಖ್ಯಮಂತ್ರಿಗಳದ್ದು 75 ಸಾವಿರದಿಂದ ಒಂದೂವರೆ ಲಕ್ಷ. ಖರ್ಚು ಜಾಸ್ತಿಯಾಗಿದೆಯಲ್ಲ, ಏನು ಮಾಡೋದು ಎಂದರು. ಖರ್ಚು ಜಾಸ್ತಿಯಾಗಿದೆ ಎನ್ನುವುದು ಆ ದಿನ ಎಡ ಬಲ ಎರಡೂ ಕುರ್ಚಿಗಳಿಗೆ ಒಟ್ಟಿಗೆ ಕಾಣಿಸಿತು. ನೇತ್ರ ಶಿಬಿರ ಬೇಕಾಗಲಿಲ್ಲ. ಮೂರು ದಿನಕ್ಕೆ, 24ರಂದು, ಸಂಸದರಿಗೂ ಶೇ 24ರಷ್ಟು ಏರಿತು. ಅದೂ 2023ರ ಏಪ್ರಿಲ್‌ನಿಂದಲೇ ಪೂರ್ವಾನ್ವಯ. ಅವರದ್ದಕ್ಕೆ ಬೆಲೆ ಏರಿಕೆಯ ಸೂಚ್ಯಂಕವನ್ನೇ ಗಂಟು ಹಾಕಿದ್ದಾರೆ, ಬೆಲೆ ಏರಿದರೆ ಸಂಬಳವೂ ಏರುತ್ತದೆ. ನಮ್ಮ ಮನೆ ಕೆಲಸದ ಅಕ್ಕ ಆ ಸೂಚ್ಯಂಕ ಎಲ್ಲಿ ಸಿಗುತ್ತೆ ಎಂದು ಕೇಳುತ್ತಿದ್ದರು.

ಗಾಡಿ ಕಟ್ಟದೆ ಬರೀ ಬಾಯಲ್ಲಿ ಕೇಳಿ ಬೆಲೆ ಇಳಿಸಿದ ಉದಾಹರಣೆಯೂ ಒಂದಿದೆ. 2024ರ ಡಿಸೆಂಬರ್ ಮೊದಲ ವಾರ ಆಗ ಆಮ್ ಆದ್ಮಿ ಪಕ್ಷದಲ್ಲಿದ್ದ ರಾಘವ್ ಚಡ್ಡಾ ರಾಜ್ಯಸಭೆಯಲ್ಲಿ ಎದ್ದು, ವಿಮಾನ ನಿಲ್ದಾಣದಲ್ಲಿ ನೀರಿಗೆ 100 ರೂಪಾಯಿ, ಚಹಾಕ್ಕೆ 200ಕ್ಕೂ ಮೇಲೆ ಎಂದು ದೂರಿದರು. ಡಿಸೆಂಬರ್ 21ಕ್ಕೆ ಕೋಲ್ಕತ್ತಾ ವಿಮಾನ ನಿಲ್ದಾಣದಲ್ಲಿ ಉಡಾನ್ ಯಾತ್ರಿ ಕೆಫೆ ತೆರೆಯಿತು. ಚಹಾ 10 ರೂಪಾಯಿ, ಸಮೋಸ 20. ಒಳ್ಳೆಯ ಕೆಲಸವೇ, ಮೆಚ್ಚಿದೆ. ಆಮೇಲೆ ಯೋಚಿಸಿದೆ. ಇಷ್ಟೊಂದು ಬೆಲೆಗಳಿರುವ ದೇಶದಲ್ಲಿ ಇದೊಂದೇ ಇಷ್ಟು ಬೇಗ ಯಾಕೆ ಇಳಿಯಿತು? ಸಂಸದರಿಗೆ ವರ್ಷಕ್ಕೆ 34 ವಿಮಾನ ಪ್ರಯಾಣ ಉಚಿತ, ಮನೆ ಉಚಿತ, ಫೋನ್ ಉಚಿತ. ಅವರು ಸ್ವಂತ ಜೇಬಿಗೆ ಕೈ ಹಾಕುವ ಜಾಗ ಬಹುಶಃ ಏರ್‌ಪೋರ್ಟಿನ ಟೀ ಅಂಗಡಿ ಒಂದೇ. ದಯವಿಟ್ಟು ಯಾರಾದರೂ ಅವರನ್ನು ಬೆಳಿಗ್ಗೆ ಆರಕ್ಕೆ ಹಾಲಿನ ಬೂತಿಗೂ ಕಳಿಸಿ. ಚಿಲ್ಲರೆ ಅವರದ್ದೇ ಇರಲಿ.

ಮಾಗಡಿ ಕಡೆ ನಮ್ಮ ಭಾವ ಒಬ್ಬರಿದ್ದಾರೆ. ಇನ್ನೂ ಒಂದು ಜೊತೆ ಎತ್ತು ಕಟ್ಟಿದ್ದಾರೆ. ಮೊನ್ನೆ ಹೋದಾಗ ಕೇಳಿದೆ, "ಭಾವ, ಬೆಂಗಳೂರಿಂದ ಯಾರಾದ್ರೂ ಪ್ರತಿಭಟನೆಗೆ ಗಾಡಿ ಕೇಳಿದ್ರೆ ಕಳಿಸ್ತೀರಾ?"

"ಯಾವ ಪಕ್ಷದೋರು?"

"ಯಾರಾದ್ರೂ. ಇವತ್ತು ಅವರು, ನಾಳೆ ಇವರು."

ಭಾವ ಬೂಸಾ ಕಲಸುತ್ತಿದ್ದ ಕೈ ನಿಲ್ಲಿಸಿದರು. "ನೋಡಪ್ಪ, ಇದು ಎಡಕ್ಕೆ ಕಟ್ಟೋ ಎತ್ತು, ಅದು ಬಲಕ್ಕೆ. ಅಪ್ಪಿತಪ್ಪಿ ಅದಲು ಬದಲು ಮಾಡಿದ್ರೆ ಒಂದು ಹೆಜ್ಜೆ ಇಡಲ್ಲ. ನೊಗ ಕೆಡವಿ ನಿಂತ್ಕೊತಾವೆ."

ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು, "ಬೂಸಾ ಮೂಟೆ ರೇಟು ಕೇಳಿದ್ಯಾ? ಬಾಡಿಗೆ ಮಾತ್ರ ಮುಂಚೇನೇ ಈಸ್ಕೊಂಡ್ಬಿಡು. ಗೆದ್ದ ಮೇಲೆ ಯಾರೂ ಕೊಡಲ್ಲ."