ಗಾಳಿ ಎತ್ತ ಹೋಗುತ್ತಿದೆ, ಕಾಕಾ?

ನೀರಿಗೆ ದುಡ್ಡು ಕೊಟ್ಟೆ, ಮನೆಗೆ ಬಂದದ್ದು ಫ್ಯಾನು. ಒಂದಲ್ಲ, ಏಳು. ಹೊಸ ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಮೂರು, ಪಕ್ಕದಲ್ಲಿ ಮೂರು, ಹಿಂದೆ ಒಂದು. ಈ ಸಾಲುಗಳನ್ನು ಬರೆಯುವಾಗಲೂ ಏಳೂ ತಿರುಗುತ್ತಿವೆ. ನನ್ನ ತಲೆಯ ಮೇಲಿರುವ ಒಂದೇ ಒಂದು ಸೀಲಿಂಗ್ ಫ್ಯಾನ್ ಮಾತ್ರ ರೆಗ್ಯುಲೇಟರನ್ನು ಐದಕ್ಕಿಟ್ಟರೂ ಎರಡರ ವೇಗದಲ್ಲಿ ತೂಕಡಿಸುತ್ತಿದೆ. "ಮನುಷ್ಯರಿಗೆ ಒಂದು, ಪೆಟ್ಟಿಗೆಗೆ ಏಳು. ಮುಂದಿನ ಜನ್ಮದಲ್ಲಿ ನಾನೂ ನಿನ್ನ ಮೇಜಿನ ಮೇಲೆಯೇ ಹುಟ್ಟುತ್ತೇನೆ" ಎಂದು ಅವ್ವ ದಿನಕ್ಕೊಮ್ಮೆ ಹೇಳುತ್ತಾಳೆ. ಇದಕ್ಕೆ ನನ್ನ ಬಳಿ ಉತ್ತರವಿಲ್ಲ.

ಮದುವೆಯ ಆಲ್ಬಂ ಮಾಡುವುದು, ವಿಡಿಯೊ ಕತ್ತರಿಸಿ ಜೋಡಿಸುವುದು ನನ್ನ ಹೊಟ್ಟೆಪಾಡು. ಇದೇ ಕಸುಬಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಮುಹೂರ್ತಗಳೆಲ್ಲ ಏಪ್ರಿಲ್ ಮೇ ತಿಂಗಳಲ್ಲೇ ಬರುತ್ತವೆ, ವಿಜಯಪುರದಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದೂ ಆಗಲೇ. ನನ್ನ ಹಳೆಯ ಕಂಪ್ಯೂಟರ್ ಅಕ್ಷತೆ ಬೀಳುವ ದೃಶ್ಯದವರೆಗೆ ಹೇಗೋ ಬಂದು, ಅಲ್ಲಿ ಕಾದು ಕೆಂಪಾಗಿ ಸುಮ್ಮನೆ ಆರಿಹೋಗುತ್ತಿತ್ತು. ಹೊಸದನ್ನು ಕೊಳ್ಳಲು ಹೋದಾಗ ಅಂಗಡಿಯವರು, "ಲಿಕ್ವಿಡ್ ಕೂಲಿಂಗ್ ಹಾಕಿಸಿಬಿಡಿ ಸರ್, ಹೊರಗೆ ಎಷ್ಟೇ ಬಿಸಿಲಿರಲಿ ಒಳಗೆ ತಂಪು" ಎಂದರು.

ಆ ಮಾತಿನಲ್ಲಿ ಅರ್ಧವೇ ನಿಜ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿನ ಮೇಲೆ ಕುಳಿತ ಸಣ್ಣ ಪಂಪು ನೀರನ್ನು ಓಡಿಸುತ್ತದೆ, ನೀರು ಬಿಸಿಯನ್ನು ಹೊತ್ತು ಮೇಲಿನ ರೇಡಿಯೇಟರಿಗೆ ಹೋಗುತ್ತದೆ, ಅಲ್ಲಿನ ತೆಳು ತಗಡುಗಳ ನಡುವೆ ಫ್ಯಾನುಗಳು ಗಾಳಿ ನುಗ್ಗಿಸಿ ಆ ಬಿಸಿಯನ್ನು ಹೊರಹಾಕುತ್ತವೆ. ಅಂದರೆ ನೀರು ಇಲ್ಲಿ ಬರಿಯ ಹಮಾಲಿ. ಮೂಟೆಯನ್ನು ಇಲ್ಲಿಂದ ಎತ್ತಿ ಅಲ್ಲಿಗೆ ಇಳಿಸುತ್ತದೆ, ವಿಲೇವಾರಿ ಗಾಳಿಯದೇ. ಕೋಣೆಯ ಗಾಳಿ ಎಷ್ಟು ಬಿಸಿಯೋ ಅದಕ್ಕಿಂತ ಕೆಳಗೆ ಈ ನೀರು ಇಳಿಯುವುದೇ ಇಲ್ಲ. ಕೋಣೆ 40 ಇದ್ದರೆ, ಕೆಲಸ ಜೋರಾದಾಗ ನೀರು 50 ದಾಟುವುದು ಸಹಜ. 60ರ ಮೇಲೆ ಹೋಗಲು ಬಿಡಬೇಡಿ ಎನ್ನುತ್ತಾರೆ ಬಲ್ಲವರು. ಯೂಟ್ಯೂಬಿನಲ್ಲಿ ಉಣ್ಣೆಯ ಅಂಗಿ ತೊಟ್ಟು 21 ಡಿಗ್ರಿಯ ಕೋಣೆಯಲ್ಲಿ ಕುಳಿತು ಕೂಲರುಗಳಿಗೆ ಅಂಕ ಕೊಡುವ ಮಹನೀಯರನ್ನು ಒಂದು ಮೇ ತಿಂಗಳು ನಮ್ಮ ಜಲನಗರದ ಮನೆಯ ಮೇಲಂತಸ್ತಿನಲ್ಲಿ ಇರಿಸಬೇಕೆಂಬುದು ನನ್ನ ಬಹುದಿನದ ಆಸೆ. ಊಟ ನಮ್ಮದೇ.

ಇರಲಿ. ಕಂಪ್ಯೂಟರ್ ಬಂತು. ಎರಡು ಕಡೆ ಗಾಜು, ಒಳಗೆ ಬಣ್ಣಬಣ್ಣದ ದೀಪ. ಆದರೆ ಬ್ರೌಸರಿನಲ್ಲಿ ಇನ್ನೊಂದು ಪುಟ ತೆರೆದರೆ ಸಾಕು, ಏಳೂ ಫ್ಯಾನುಗಳು ಒಮ್ಮೆಲೇ ಭೋರ್ಗರೆಯುತ್ತಿದ್ದವು. ಮೂರು ನಾಲ್ಕು ಸೆಕೆಂಡಿನಲ್ಲಿ ತಾವೇ ಸುಮ್ಮನಾಗುತ್ತಿದ್ದವು. ಮತ್ತೊಂದು ಪುಟ, ಮತ್ತೆ ಅದೇ ಆರ್ಭಟ. ವಿದ್ಯುತ್ ಬಿಲ್ ಕಟ್ಟಲು ಕುಳಿತರೆ ಅಡುಗೆಮನೆಯಿಂದ ಅವ್ವ, "ಈ ಹೊತ್ತಿನಲ್ಲಿ ಯಾರು ಮಿಕ್ಸರ್ ಹಚ್ಚಿದ್ದು?" ಎಂದು ಕೂಗುತ್ತಿದ್ದಳು. ಸಾಲದ್ದಕ್ಕೆ, ಒಂದೇ ತಿಂಗಳಲ್ಲಿ ಗಾಜಿನ ಒಳಗೆಲ್ಲ ಮಣ್ಣು. ಸುತ್ತಲಿನ ಎರೆಭೂಮಿಯ ಧೂಳು ನಮ್ಮ ಊರಿನಲ್ಲಿ ಎಲ್ಲಿಗೂ ಹೋಗುತ್ತದೆ, ನಿಜ. ಆದರೆ ಜಾಳಿಗೆಯ ಫಿಲ್ಟರ್ ಹೊಸದರಂತೆ ಹೊಳೆಯುತ್ತಿತ್ತು, ಮಣ್ಣು ಒಳಗೆ ಕುಳಿತಿತ್ತು.

ಇಲ್ಲಿ ಕಾಕಾ ಅವರ ಪ್ರವೇಶ.

ಕಾಕಾ ನಮ್ಮ ಓಣಿಯ ಕೂಲರ್ ರಿಪೇರಿಯವರು. ಬೇಸಿಗೆಯಲ್ಲಿ ಇಡೀ ಓಣಿಯ ಏರ್ ಕೂಲರುಗಳಿಗೆ ಹುಲ್ಲು ಬದಲಾಯಿಸುವುದು, ಪಂಪು ಸರಿಮಾಡುವುದು, ಮೋಟಾರ್ ವೈಂಡಿಂಗ್ ಎಲ್ಲ ಅವರದೇ. ಅವರಿಗೊಂದು ಅಭ್ಯಾಸವಿದೆ. ಎಲ್ಲಿ ಫ್ಯಾನ್ ಕಂಡರೂ ಎದುರಿಗೆ ಹೋಗಿ ಬಲ ಅಂಗೈಯನ್ನು ಹಿಡಿದು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ನಿಲ್ಲುತ್ತಾರೆ. ನಂತರ ಕಣ್ಣು ತೆರೆದು ತೀರ್ಪು ಕೊಡುತ್ತಾರೆ. "ಕಂಡೆನ್ಸರ್ ಹೋಗಿದೆ." "ಬುಷ್ ಸವೆದಿದೆ." "ರೆಕ್ಕೆ ಬಾಗಿದೆ, ಯಾರೋ ಬಟ್ಟೆ ಒಣಗಿಸಿದ್ದಾರೆ." ನನ್ನ ತಂಗಿಯ ಮದುವೆಯಲ್ಲಿ ಬೀಗರೆಲ್ಲ ವೇದಿಕೆಯ ಮೇಲೆ ಫೋಟೊಕ್ಕೆ ಸಾಲಾಗಿ ನಿಂತಿದ್ದಾಗ ಕಾಕಾ ಮಾತ್ರ ಮೂಲೆಯ ದೊಡ್ಡ ನಿಲುವು ಫ್ಯಾನಿನ ಎದುರು ಕೈ ಚಾಚಿ ನಿಂತಿದ್ದರು. ಆ ಆಲ್ಬಂ ಮಾಡಿದವನು ನಾನೇ. ಎಷ್ಟು ಫೋಟೊ ತಿರುವಿದರೂ ಹಿನ್ನೆಲೆಯಲ್ಲಿ ಆಶೀರ್ವಾದದ ಭಂಗಿಯಲ್ಲಿ ಒಬ್ಬರು ಇದ್ದೇ ಇದ್ದಾರೆ. ಬೀಗರ ಕಡೆಯವರು ಇಂದಿಗೂ ಅವರನ್ನು ಯಾವುದೋ ಮಠದವರೆಂದು ತಿಳಿದಿದ್ದಾರೆ. ಸೊಲ್ಲಾಪುರದ ಬಸ್ಸಿನಲ್ಲಿ ಚಾಲಕನ ಮುಂದಿದ್ದ ಅಂಗೈಯಗಲದ ಫ್ಯಾನಿನ ಎದುರು ಕೈ ಹಿಡಿದು ಅವರು ಆತನಿಂದ ಬೈಸಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಕಳೆದ ವರ್ಷ ಜ್ವರ ಬಂದು ಆಸ್ಪತ್ರೆಗೆ ಹೋದಾಗಂತೂ ಎಡಗೈಯನ್ನು ನಾಡಿ ನೋಡಲು ವೈದ್ಯರಿಗೆ ಕೊಟ್ಟು, ಬಲಗೈಯನ್ನು ಮೇಜಿನ ಫ್ಯಾನಿಗೆ ಹಿಡಿದರಂತೆ. ವೈದ್ಯರು, "ಮೂರು ದಿನ ಮಾತ್ರೆ ತೆಗೆದುಕೊಳ್ಳಿ" ಎಂದರೆ ಇವರು, "ಇದಕ್ಕೂ ಎಣ್ಣೆ ಬೇಕು" ಎಂದರಂತೆ.

ನನ್ನ ಕಂಪ್ಯೂಟರಿನ ಸದ್ದು ಕೇಳಿ ಅವರೇ ಮೆಟ್ಟಿಲು ಹತ್ತಿ ಬಂದರು. ಮೊದಲು ಮೇಲೆ ಕೈ ಹಿಡಿದರು, ಬಿಸಿ ಗಾಳಿ. ಹಿಂದೆ ಹಿಡಿದರು, ಬಿಸಿ ಗಾಳಿ. ಪಕ್ಕದ ಮೂರು ಫ್ಯಾನುಗಳ ಕಡೆ ಹಿಡಿದರು. ಕಣ್ಣು ಮುಚ್ಚಿದರು. ಹುಬ್ಬು ಗಂಟಾಯಿತು.

"ತಮ್ಮಾ, ಇಲ್ಲಿಂದಲೂ ಹೊರಗೇ ಬರುತ್ತಿದೆ."

"ಎಲ್ಲವೂ ಹೊರಗೆ ಹೋದರೆ ಒಳಗೆ ಬರುವುದು ಎಲ್ಲಿಂದ, ಕಾಕಾ?"

"ಅದನ್ನೇ ನಾನು ಕೇಳುತ್ತಿರುವುದು" ಎಂದವರೇ ನಮ್ಮ ದೇವರ ಮನೆಗೆ ನಡೆದರು. ಒಂದು ಊದಿನಕಡ್ಡಿ ಹಚ್ಚಿಕೊಂಡು ಬಂದು ಪೆಟ್ಟಿಗೆಯ ಸುತ್ತ ನಿಧಾನವಾಗಿ ಸುತ್ತಿಸತೊಡಗಿದರು. ಹಿಂಬದಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಕೆಳಗಿರುವ ಸಣ್ಣ ಸೀಳುಗಳ ಬಳಿ ಹೊಗೆಯ ಎಳೆ ತಟ್ಟನೆ ಬಾಗಿ ಒಳಗೆ ಸೇರಿಕೊಂಡಿತು. ಗಾಜಿನ ಅಂಚಿನ ಸಂದಿನಲ್ಲೂ ಹಾಗೆಯೇ. ಧೂಳು ಬರುತ್ತಿದ್ದ ದಾರಿ ಅದು. ಏಳೂ ಫ್ಯಾನು ಗಾಳಿಯನ್ನು ಹೊರಗೆ ನೂಕಿದರೆ ಪೆಟ್ಟಿಗೆ ಸಿಕ್ಕಸಿಕ್ಕ ಬಿರುಕಿನಿಂದ ಗಾಳಿ ಎಳೆದುಕೊಳ್ಳುತ್ತದೆ, ಬಿರುಕಿಗೆ ಫಿಲ್ಟರ್ ಇರುವುದಿಲ್ಲ. ನಾವಿಬ್ಬರೂ ಮಂಡಿಯೂರಿ ಇದನ್ನು ನೋಡುತ್ತಿದ್ದಾಗ ಅವ್ವ ಒಳಗೆ ಬಂದಳು. ಹೊಗೆ ನೋಡಿದಳು, ನಮ್ಮ ಭಂಗಿ ನೋಡಿದಳು, ಹೋಗಿ ಕುಂಕುಮದ ಭರಣಿ ತಂದಳು. ಹೇಳಿ ಮುಗಿಸುವಷ್ಟರಲ್ಲಿ ಗಾಜಿನ ಮೇಲೆ ಬೊಟ್ಟು ಬಿದ್ದಿತ್ತು.

ಅಂಗಡಿಗೆ ಫೋನ್ ಮಾಡಿದೆ. ಜೋಡಿಸಿದ ಹುಡುಗ ಸ್ವಲ್ಪವೂ ಅಳುಕದೆ, "ಸರ್, ಸರಿಯಾಗಿ ಹಾಕಿದರೆ ಫ್ಯಾನಿನ ಬೆನ್ನು ಕಾಣುತ್ತದೆ. ಮುಖ ಕಾಣಲಿ ಎಂದು ತಿರುಗಿಸಿದ್ದೇನೆ, ಲೈಟಿಂಗ್ ಚೆನ್ನಾಗಿ ಬರುತ್ತದೆ" ಎಂದ. ಈ ಫ್ಯಾನುಗಳಲ್ಲಿ ಗಾಳಿ ತೆರೆದ ಮುಖದಿಂದ ಒಳಗೆ ಹೋಗಿ, ಮೋಟಾರನ್ನು ಹಿಡಿದಿರುವ ಕಡ್ಡಿಗಳ ಬದಿಯಿಂದ ಹೊರಬರುತ್ತದೆ. ಚೌಕಟ್ಟಿನ ಅಂಚಿನಲ್ಲಿ ಬಾಣದ ಗುರುತನ್ನೂ ಕೆಲವರು ಕೆತ್ತಿರುತ್ತಾರೆ. ಮುಖವೂ ಕಾಣಬೇಕು, ಗಾಳಿಯೂ ಒಳಗೆ ಬರಬೇಕು ಎನ್ನುವವರಿಗಾಗಿಯೇ ರೆಕ್ಕೆಯನ್ನು ಉಲ್ಟಾ ಮಾಡಿದ ರಿವರ್ಸ್ ಫ್ಯಾನುಗಳು ಸಿಗುತ್ತವೆ. ಅವುಗಳ ಬೆಲೆ ಸ್ವಲ್ಪ ಹೆಚ್ಚು. ಅಂಗಡಿ ಉಳಿಸಿದ್ದು ಆ ಸ್ವಲ್ಪವನ್ನು.

ಬದಲಿಗೆ ಬೇರೆ ಫ್ಯಾನ್ ಕೊಳ್ಳೋಣವೆಂದು ನೋಡಿದರೆ ಅದೇ ಒಂದು ಪುರಾಣ. ಫ್ಯಾನ್ ಬರುವ ಡಬ್ಬಿಯ ಮೇಲೆ ಎರಡು ಅಂಕಿಗಳಿರುತ್ತವೆ: ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ, ಎಷ್ಟು ಒತ್ತಡ. ರೇಡಿಯೇಟರಿನ ಇಕ್ಕಟ್ಟಿನಲ್ಲಿ ನುಗ್ಗಬೇಕಾದ ಫ್ಯಾನಿಗೆ ಒತ್ತಡ ಮುಖ್ಯ, ಬಯಲಲ್ಲಿ ಬೀಸುವುದಕ್ಕೆ ಗಾಳಿಯ ಪ್ರಮಾಣ ಮುಖ್ಯ. ಆದರೆ ಮೊದಲ ಅಂಕಿ ಎದುರಿಗೆ ಏನೂ ಅಡ್ಡವಿಲ್ಲದಾಗ ಅಳೆದದ್ದು, ಎರಡನೆಯದು ದಾರಿಯನ್ನು ಪೂರ್ತಿ ಮುಚ್ಚಿದಾಗ ಅಳೆದದ್ದು. ಎರಡೂ ಒಟ್ಟಿಗೆ ಎಂದೂ ಕೈಗೆ ಸಿಗುವುದಿಲ್ಲ. ಗಂಡಿನ ಬಯೋಡೇಟಾದಲ್ಲಿ ಬೆಂಗಳೂರಿನ ಸಂಬಳ, ಊರಿನ ಹೊಲ ಎರಡನ್ನೂ ಬರೆದು, ಹುಡುಗ ಎಲ್ಲಿರುತ್ತಾನೆ ಎಂಬುದನ್ನು ಬಿಟ್ಟ ಹಾಗೆ. ಇನ್ನು ತಂತಿ. ಪ್ರತಿ ಫ್ಯಾನಿಗೆ ತಿರುಗಲು ಒಂದು, ಮಿನುಗಲು ಒಂದು, ಒಟ್ಟು ಹದಿನಾಲ್ಕು ಬಾಲ. ತಿರುಗುವ ತಂತಿಗೆ ನಾಲ್ಕು ಪಿನ್ನು ಇದ್ದರೆ ಒಳ್ಳೆಯದು, ವೇಗವನ್ನು ನಯವಾಗಿ ಹಿಡಿತದಲ್ಲಿಡಬಹುದು. ಮಿನುಗುವ ತಂತಿಯಲ್ಲಿ ಮೂರು ಪಿನ್ನಿನದು 5 ವೋಲ್ಟ್, ನಾಲ್ಕು ಪಿನ್ನಿನದು 12 ವೋಲ್ಟ್. ಐದರ ದೀಪಕ್ಕೆ ಹನ್ನೆರಡು ಕೊಟ್ಟರೆ ದೀಪ ಅಲ್ಲಿಗೇ ಮುಗಿಯಿತು. ಇದನ್ನು ರೂಪಿಸಿದವರ ಮನೆಯ ಸ್ವಿಚ್‌ಬೋರ್ಡ್ ನೋಡಬೇಕೆನಿಸುತ್ತದೆ.

ಕೊಳ್ಳುವ ಯೋಚನೆ ಬಿಟ್ಟು ಪಕ್ಕದ ಮೂರನ್ನೂ ಬಿಚ್ಚಿ ತಿರುಗಿಸಿದೆವು. ಕಾಕಾ ತಿರುಪುಗಳನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದರು. ಒಂದು ಫ್ಯಾನ್ ತಿರುಗಿದ ಕೂಡಲೇ ಪರೀಕ್ಷಿಸಲು ಅದೇ ಅಂಗೈಯನ್ನು ಎದುರಿಗೆ ಹಿಡಿದರು, ತಿರುಪುಗಳೆಲ್ಲ ಮಂಚದ ಕೆಳಗೆ. ಹಿಂದಿನ ಫ್ಯಾನಿನ ವೇಗ ತಗ್ಗಿಸಿದೆವು, ಹೊರಹೋಗುವುದಕ್ಕಿಂತ ಒಳಬರುವುದು ತುಸು ಹೆಚ್ಚಿದ್ದರೆ ಬಿರುಕುಗಳಿಂದ ಧೂಳು ನುಗ್ಗುವುದಿಲ್ಲ. ಮೇಲಿನ ರೇಡಿಯೇಟರನ್ನು ಮಾತ್ರ ಮುಟ್ಟಬೇಡ ಎಂದರು ಕಾಕಾ. ನೀರಿನಲ್ಲಿ ಸೇರಿದ ಗಾಳಿ ಯಾವಾಗಲೂ ಎತ್ತರಕ್ಕೆ ಹೋಗಿ ಕೂರುತ್ತದೆ, ಆ ಎತ್ತರ ಪಂಪು ಆಗಬಾರದು. "ಬೇಗಂ ತಲಾಬದಿಂದ ಊರಿಗೆ ಕೊಳವೆಯಲ್ಲಿ ನೀರು ತಂದು, ಒತ್ತಡ ತಗ್ಗಿಸಲು ದಾರಿಯುದ್ದಕ್ಕೂ ಗಂಜ್ ಎಂಬ ನೀರಿನ ಗೋಪುರ ಕಟ್ಟಿಸಿದ ಊರು ಇದು. ನಮಗೆ ನೀರಿನ ವಿದ್ಯೆ ಹೇಳಿಕೊಡಲು ಅಂಗಡಿಯ ಹುಡುಗ ಬೇಕೇ?" ಎಂದು ಆದಿಲ್‌ಶಾಹಿಗಳ ಪರವಾಗಿ ಎದೆಯುಬ್ಬಿಸಿದರು.

ಸದ್ದಿನ ಕೆಲಸ ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಕಡೆ ಇತ್ತು. ಫ್ಯಾನುಗಳ ವೇಗ ಪ್ರೊಸೆಸರಿನ ಬಿಸಿಯನ್ನು ಅನುಸರಿಸುತ್ತಿತ್ತು. ಪ್ರೊಸೆಸರಿನದು ಕ್ಷಣಕೋಪ, ಸೆಕೆಂಡಿನಲ್ಲಿ 20 ಡಿಗ್ರಿ ಏರಿ ಇಳಿಯುತ್ತದೆ. ನೀರು ಬಿಸಿಯಾಗಲು ನಿಮಿಷಗಳೇ ಬೇಕು. ನೀರು ಬಿಸಿಯಾಗದೆ ಫ್ಯಾನ್ ಎಷ್ಟು ಅರಚಿದರೂ ವ್ಯರ್ಥ. ವೇಗ ಇಮ್ಮಡಿಯಾದರೆ ಗಾಳಿ ಇಮ್ಮಡಿ, ಸರಿ; ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ, ಬೇಕಾಗುವ ಶಕ್ತಿ ಎಂಟು ಪಟ್ಟು. ಏರುವ ಮುನ್ನ ಸ್ವಲ್ಪ ತಾಳು ಎಂದು ಫ್ಯಾನುಗಳಿಗೆ ಹೇಳುವ ಒಂದು ಆಯ್ಕೆ ಅಲ್ಲಿದೆ, ಅದನ್ನು ಬಳಸಿದೆ. ಈಗ ಭೋರ್ಗರೆತವಿಲ್ಲ. ಬೇಸಿಗೆಯ ಮಧ್ಯಾಹ್ನ ಒಂದೇ ಸಮನೆ ಗೊಣಗುತ್ತದೆ, ಅದನ್ನು ತಪ್ಪಿಸಲು ಊರನ್ನೇ ಬದಲಾಯಿಸಬೇಕು.

ಮೊನ್ನೆ ರಾತ್ರಿ ಕರೆಂಟ್ ಹೋಯಿತು. ಏಳು ಮತ್ತು ಒಂದು, ಎಂಟೂ ನಿಂತವು. ಅವ್ವ ಚಾಪೆ ಸುತ್ತಿಕೊಂಡು ಮಾಳಿಗೆ ಹತ್ತಿದಳು, ನಾನೂ ಹಿಂದೆ ಹೋದೆ. ಚಿಕ್ಕವನಿದ್ದಾಗ ಸಂಜೆಯಾದರೆ ಮಾಳಿಗೆಗೆ ಕೊಡದಿಂದ ನೀರು ಚಿಮುಕಿಸುವುದು ನನ್ನ ಕೆಲಸವಾಗಿತ್ತು. ಕಾದ ನೆಲದಿಂದ ಹಬೆ ಏಳುವುದು ನಿಂತ ಮೇಲೆ ಅಪ್ಪ ಗಾಳಿ ನೋಡಿ, ತಲೆದಿಂಬು ಇತ್ತ ಇಡಿ, ಅತ್ತ ಬೇಡ ಎನ್ನುತ್ತಿದ್ದ. ನೀರು, ಗಾಳಿ ಎರಡೂ ಇದ್ದವು, ರಸೀದಿ ಇರಲಿಲ್ಲ. ಅಪ್ಪ ಹೋದ ಮೇಲೆ ನಾವು ಮಾಳಿಗೆಯಲ್ಲಿ ಮಲಗುವುದನ್ನೇ ಬಿಟ್ಟೆವು. ಯಾಕೆ ಬಿಟ್ಟೆವು ಎಂದು ಅವ್ವನನ್ನು ಕೇಳಬೇಕೆಂದುಕೊಂಡೆ, ಅಷ್ಟರಲ್ಲಿ ಕರೆಂಟ್ ಬಂತು. ಒಂದು ಆಲ್ಬಂ ಮರುದಿನ ಬೆಳಿಗ್ಗೆಯೇ ಕೊಡಬೇಕಿತ್ತು, ಇಳಿದು ಬಂದೆ.

ಅವ್ವನಿಗೆ ಈಗ ಹೊಸ ದೂರು, ಪಕ್ಕದ ಬಣ್ಣದ ದೀಪಗಳು ಮಂಕಾಗಿವೆಯಂತೆ. "ಅದೊಂದೇ ಚೆಂದವಿತ್ತು, ಅದನ್ನೂ ಇಬ್ಬರು ಸೇರಿ ತಿರುಗಿಸಿ ಇಟ್ಟಿರಿ" ಎನ್ನುತ್ತಾಳೆ. ಕುಂಕುಮವನ್ನು ಒರೆಸಲು ಬಿಡುವುದಿಲ್ಲ.

ಕಾಕಾ ಅವರ ಅಂಗಡಿಯ ಫಲಕದಲ್ಲಿ "ಕೂಲರ್ ರಿಪೇರಿ, ಮೋಟಾರ್ ವೈಂಡಿಂಗ್" ಎಂಬುದರ ಕೆಳಗೆ ಹಸಿರು ಬಣ್ಣದಲ್ಲಿ "ಕಂಪ್ಯೂಟರ್ ಗಾಳಿ ಪರೀಕ್ಷೆ" ಎಂದು ಹೊಸದಾಗಿ ಬರೆಸಿದ್ದಾರೆ. ನಿನ್ನೆ ಕಂಪ್ಯೂಟರ್ ಅಂಗಡಿಯ ಹುಡುಗನೇ ಒಬ್ಬ ಗಿರಾಕಿಯನ್ನು ಅಲ್ಲಿಗೆ ಕಳುಹಿಸಿದ್ದನಂತೆ. ದಾರಿಯಲ್ಲಿ ಸಿಕ್ಕ ಕಾಕಾ ನನ್ನನ್ನು ನಿಲ್ಲಿಸಿ, ಮೊದಲ ಪರೀಕ್ಷೆ ನಮ್ಮ ಮನೆಯಲ್ಲೇ ನಡೆದದ್ದರಿಂದ ಕೂಲಿ ಬೇಡವೆಂದರು. ಊದಿನಕಡ್ಡಿಯ ಕಟ್ಟು ಮಾತ್ರ ತಂದುಕೊಡಬೇಕಂತೆ. ಸುಟ್ಟದ್ದು ನಮ್ಮ ಮನೆಯ ಊದಿನಕಡ್ಡಿಯೇ ಎಂದು ನೆನಪಿಸಹೋದೆ. ಅಷ್ಟರಲ್ಲಿ ಅವರು ಪಕ್ಕದ ಕಬ್ಬಿನ ಹಾಲಿನ ಅಂಗಡಿಯ ಫ್ಯಾನಿಗೆ ಅಂಗೈ ಹಿಡಿದು ಕಣ್ಣು ಮುಚ್ಚಿಯಾಗಿತ್ತು.