ಹೆಲ್ಮೆಟ್ ಆಮೇಲೆ, ಸಂಘ ಮೊದಲು

ನಾನಿರುವ ಜರ್ಮನಿಯಲ್ಲಿ ಅಮೆರಿಕನ್ ಫುಟ್‌ಬಾಲ್, ಅಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ, ಸಣ್ಣದೇ. ಆದರೂ 1977ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಮೊದಲ ಕ್ಲಬ್ ಹುಟ್ಟಿತು, 1979ರಲ್ಲಿ ಶುರುವಾದ ಲೀಗ್ ಇಂದಿಗೂ ನಡೆಯುತ್ತಿದೆ. ನಮ್ಮಲ್ಲಿ 2012ರಲ್ಲಿ ಇದೇ ಆಟದ ಎಲೀಟ್ ಫುಟ್‌ಬಾಲ್ ಲೀಗ್ ಬಂತು, ಬೆಂಗಳೂರಿನ ಹೆಸರಲ್ಲೂ ತಂಡವಿತ್ತು. ಪಂದ್ಯಗಳು ನಡೆದದ್ದು ಮಾತ್ರ ಶ್ರೀಲಂಕಾದಲ್ಲಿ, ಟಿವಿಗೋಸ್ಕರ. ಊರಲ್ಲಿ ಆಡುವ ಹುಡುಗರೇ ಇಲ್ಲದಿದ್ದರೆ ತಂಡ ಹೇಗೆ ಉಳಿದೀತು?

ಜರ್ಮನಿಯಲ್ಲಿ 7 ಜನ ಸೇರಿದರೆ ಸಂಘ ನೋಂದಾಯಿಸಬಹುದು. ನಮ್ಮ 1960ರ ಸಂಘಗಳ ನೋಂದಣಿ ಕಾಯ್ದೆಗೂ ಅಷ್ಟೇ ಜನ ಸಾಕು. ವ್ಯತ್ಯಾಸ ಇರುವುದು ಆಮೇಲಿನ ದುಡಿಮೆಯಲ್ಲಿ. ಅಲ್ಲಿ ಸದಸ್ಯರು ಚಂದಾ ಕಟ್ಟುತ್ತಾರೆ, ಚೆಂಡು ಎಷ್ಟು ಮುಂದೆ ಹೋಯಿತೆಂದು ಅಳೆಯುವ 10 ಗಜದ ಚೈನ್ ಹಿಡಿದು ಗೆರೆಯಂಚಿನಲ್ಲಿ ಓಡುವವರೂ ಕ್ಲಬ್ಬಿನವರೇ, ತೀರ್ಪುಗಾರರ ತರಬೇತಿಗೂ ಕ್ಲಬ್ಬೇ ತನ್ನವರನ್ನು ಕಳಿಸುತ್ತದೆ. ನಮ್ಮವರು ಆಟಗಾರರನ್ನು ಹುಡುಕುತ್ತಾರೆ, ತೀರ್ಪುಗಾರರ ನೆನಪಾಗುವುದು ಪಂದ್ಯದ ಹಿಂದಿನ ದಿನ.

ಮೈಸೂರು, ಮಂಡ್ಯದವರು ಫ್ಲ್ಯಾಗ್ ಫುಟ್‌ಬಾಲ್‌ನಿಂದಲೇ ಶುರು ಮಾಡಲಿ. ಇದರಲ್ಲಿ ಎದುರಾಳಿಯನ್ನು ಕೆಡವುವಂತಿಲ್ಲ, ಅವನ ಸೊಂಟದಲ್ಲಿ ತೂಗುವ ರಿಬ್ಬನ್‌ನಂಥ ಫ್ಲ್ಯಾಗ್ ಕಿತ್ತು ತಡೆಯಬೇಕು. 2028ರ ಒಲಿಂಪಿಕ್ಸ್‌ಗೆ ಸೇರಿರುವುದೂ ಇದೇ. ತಂಡಕ್ಕೆ 5 ಜನ, ಹೆಲ್ಮೆಟ್ ಬೇಡ, ಪ್ಯಾಡ್ ಬೇಡ. ಅಂಕಣ ಎರಡು ತುದಿಯಲ್ಲಿ ಅಂಕ ಗಳಿಸುವ ಜಾಗ (ಎಂಡ್‌ಜೋನ್) ಸೇರಿ 70 ಗಜ ಉದ್ದ, 25 ಗಜ ಅಗಲ, ಅಂದರೆ ಸುಮಾರು 64 ಮೀಟರ್, 23 ಮೀಟರ್. ಒಂದು ಕಾಲ್ಚೆಂಡಿನ ಮೈದಾನದಲ್ಲಿ ಅಡ್ಡಡ್ಡವಾಗಿ ಸುಣ್ಣ ಹಾಕಿದರೆ ಮೂರು ಅಂಕಣ ಹಿಡಿಸುತ್ತವೆ.

ಚೆಂಡು ಹಿಡಿದವನ ಸೊಂಟದ ಪಟ್ಟಿಯಲ್ಲಿ ಎರಡೂ ಪಕ್ಕ ಒಂದೊಂದು ಫ್ಲ್ಯಾಗ್ ತೂಗುತ್ತದೆ, ಅದನ್ನು ಕಿತ್ತರೆ ಆಟ ನಿಲ್ಲುತ್ತದೆ. ಕಣ್ಣು ಸೊಂಟದ ಮೇಲಿರಬೇಕು. ಎದುರಾಳಿ ಭುಜ ಆಡಿಸಿ ಮೋಸ ಮಾಡಬಲ್ಲ, ಸೊಂಟ ಹೋದತ್ತಲೇ ಮೈ ಹೋಗುತ್ತದೆ. ಹತ್ತಿರ ಬಂದಾಗ ಹೆಜ್ಜೆ ಚಿಕ್ಕದಾಗಲಿ, ಮಂಡಿ ಬಗ್ಗಲಿ. ಕಬಡ್ಡಿ ಆಡಿ ಪಳಗಿದ ಮಂಡ್ಯದ ಹುಡುಗರಿಗೆ ಇದು ಬೇಗ ಒಲಿಯುತ್ತದೆ. ಅವರು ಎಡವುವುದೂ ಇಲ್ಲೇ: ಕೈ ತಾನಾಗಿ ಕಾಲನ್ನೋ ನಡುವನ್ನೋ ತಬ್ಬುತ್ತದೆ, ದಂಡ ಬೀಳುತ್ತದೆ. ಅಂಗಿಯನ್ನು ಚಡ್ಡಿಯೊಳಗೆ ಸಿಕ್ಕಿಸದೆ ಫ್ಲ್ಯಾಗ್ ಮುಚ್ಚಿಹೋಗುವುದು ಇನ್ನೊಂದು ಸಾಮಾನ್ಯ ತಪ್ಪು. ಎಸೆಯುವವನ ಅಂಗೈ ಚೆಂಡಿಗೆ ಪೂರ್ತಿ ಅಂಟಿದ್ದರೆ ಚೆಂಡು ತೊನೆಯುತ್ತದೆ. ಬೆರಳತುದಿ ಚೆಂಡಿನ ಮೇಲಿನ ಹೊಲಿಗೆದಾರದ (ಲೇಸ್) ಮೇಲಿದ್ದು, ಅಂಗೈ ಮತ್ತು ಚೆಂಡಿನ ನಡುವೆ ಸಂದು ಕಾಣಬೇಕು.

ಎದುರಾಳಿಯನ್ನು ಕೆಡವುವ, ಪ್ಯಾಡ್ ಹಾಕುವ ಪೂರ್ತಿ ಆಟಕ್ಕೆ ನಮ್ಮ ಏಪ್ರಿಲ್ ಬಿಸಿಲಲ್ಲಿ ಕೈಹಾಕುವುದು ಅಪಾಯ. ಮೈ ಬೆವರಿದರೂ ಪ್ಯಾಡಿನೊಳಗಿನ ಕಾವು ಹೊರಹೋಗುವುದಿಲ್ಲ. ಮೊದಲ ದಿನಗಳಲ್ಲಿ ಹೆಲ್ಮೆಟ್ ಮಾತ್ರ, ಆಮೇಲೆ ಭುಜದ ಪ್ಯಾಡ್, ಕೊನೆಗೆ ಪೂರ್ತಿ ಸಜ್ಜು, ಹೀಗೆ ಏರಿಸಬೇಕು. ಹಳೆಯ ಹೆಲ್ಮೆಟ್ ಅಗ್ಗಕ್ಕೆ ಸಿಕ್ಕಿತೆಂದು ತರಿಸುವವರು ಅದನ್ನು ಹುಡುಗನ ತಲೆಗೆ ಹಾಕಿಸಿ ಮುಖಜಾಲರಿ ಹಿಡಿದು ಎಳೆದು ನೋಡಲಿ: ಹೆಲ್ಮೆಟ್ ಜೊತೆಗೆ ಹಣೆಯ ಚರ್ಮವೂ ಕದಲಬೇಕು. ಹೆಲ್ಮೆಟ್ ಒಂದೇ ಜಾರಿದರೆ ಅದು ಆ ತಲೆಗೆ ಸರಿಯಾದ ಅಳತೆಯಲ್ಲ, ಆ ಹುಡುಗನನ್ನು ಅಂದು ಆಡಿಸಬಾರದು.