ಹಳೆಯ ಕಾರಿನ ಮೂಲ ಬಣ್ಣವನ್ನು ಕೆರೆಸುವ ಮುನ್ನ

ಹಳೆಯ ಕಾರಿನ ಬಣ್ಣ ಮಂಕಾದ ಕೂಡಲೇ ಅದನ್ನು ಪೂರ್ತಿ ಕೆರೆದು ಹೊಸದಾಗಿ ಪೇಂಟ್ ಮಾಡಿಸಿಬಿಡಿ ಎಂಬ ಸಲಹೆ ನಮ್ಮಲ್ಲಿ ಬಹಳ ಸುಲಭವಾಗಿ ಸಿಗುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. 1964ರಲ್ಲಿ ಫಿಯೆಟ್ 1100 ಡಿಲೈಟ್ ಆಗಿ ಬಂದು, 1974ರಿಂದ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡ ಕಾರುಗಳಲ್ಲಿ ಕಾರ್ಖಾನೆಯ ಬಣ್ಣವನ್ನೇ ಉಳಿಸಿಕೊಂಡವು ಇಂದು ಅಪರೂಪ. ಅಂಥದ್ದೊಂದು ನಿಮ್ಮ ಮನೆಯ ಶೆಡ್ಡಿನಲ್ಲಿದ್ದರೆ, ಗ್ಯಾರೇಜಿಗೆ ಕಳಿಸುವ ಮುನ್ನ ಕೆಲವು ರಜಾದಿನಗಳನ್ನು ಅದಕ್ಕಾಗಿ ಮೀಸಲಿಡಿ ಎಂದು ಕೈಮುಗಿದು ಕೇಳುತ್ತೇನೆ.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಪಾಲಿಶ್ ಮಾಡುವಾಗ ಸವೆಯುವುದು ಅದು. ಆ ಕಾಲದ ಸಾದಾ ಬಣ್ಣಗಳಿಗೆ ಅಂಥ ಕವಚವಿಲ್ಲ. ಬಿಳಿ ಬಟ್ಟೆಗೆ ತುಸು ಪಾಲಿಶ್ ಹಚ್ಚಿ ಮರೆಯಾದ ಒಂದು ಜಾಗದಲ್ಲಿ ಉಜ್ಜಿ ನೋಡಿ: ಬಟ್ಟೆಗೆ ಕಾರಿನ ಬಣ್ಣವೇ ಅಂಟಿದರೆ, ನೀವು ತೆಗೆಯುವ ಪ್ರತಿಯೊಂದು ಕಣವೂ ಮೂಲ ಬಣ್ಣದ್ದು ಎಂದರ್ಥ. ಬಿಸಿಲಿನ ನೇರಳಾತೀತ ಕಿರಣಗಳು ಬಣ್ಣದ ಕಣಗಳನ್ನು ಹಿಡಿದಿಟ್ಟಿರುವ ರಾಳವನ್ನು ಮೇಲ್ಮೈಯಲ್ಲಿ ಒಡೆಯುತ್ತವೆ; ಹಿಡಿತ ತಪ್ಪಿದ ಕಣಗಳು ಸುಣ್ಣದ ಪುಡಿಯಂತೆ ಮೇಲೆ ಕೂರುತ್ತವೆ. ಕಣ್ಣಿಗೆ ಕಾಣುವ ಮಂಕು ಇದೇ. ಇದು ಬಹಳ ತೆಳುವಾದ ಪದರವಾದ್ದರಿಂದ, ಅದರಡಿಯಲ್ಲಿ ಹಳೆಯ ಹೊಳಪು ಇನ್ನೂ ಸಿಗುವ ಸಂಭವ ಹೆಚ್ಚು.

ಆದ್ದರಿಂದ ಬಣ್ಣವನ್ನು ಸವೆಸುವ ಒರಟು ಲೇಪವಾದ ರಬ್ಬಿಂಗ್ ಕಾಂಪೌಂಡಿನಿಂದ ಆರಂಭಿಸುವುದು ತಪ್ಪು. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಚೆನ್ನಾಗಿ ತೊಳೆದು, ಕ್ಲೇ ಬಾರ್ ಎಂಬ ಮೆತ್ತನೆಯ ಜೇಡಿಯಂಥ ಉಂಡೆಯಿಂದ ಅಂಟಿದ ಕೊಳೆಯನ್ನು ತೆಗೆದ ಮೇಲೆ, ಎಣ್ಣೆಯಂಶ ಹೆಚ್ಚಿರುವ ಗ್ಲೇಜ್ ಎಂಬ ಹೊಳಪಿನ ಲೇಪವನ್ನು ಧಾರಾಳವಾಗಿ ಹಚ್ಚಿ ಒಂದು ರಾತ್ರಿ ಬಿಡಿ. ಒಣಗಿದ ಬಣ್ಣ ಉಜ್ಜುವಿಕೆಯನ್ನು ತಾಳಿಕೊಳ್ಳಲು ಅದು ನೆರವಾಗುತ್ತದೆ. ಮರುದಿನ ಅತಿ ಮೃದುವಾದ ಪಾಲಿಶನ್ನು ಒಂದು ಅಂಗೈಯಗಲ ಜಾಗದಲ್ಲಿ ಪ್ರಯೋಗಿಸಿ, ಅದು ಸಾಕಾದರೆ ಅಷ್ಟಕ್ಕೇ ನಿಲ್ಲಿಸಿ. ಯಂತ್ರ ಬೇಕೆನಿಸಿದರೆ ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಅಲುಗುವ ಡ್ಯುಯಲ್ ಆಕ್ಷನ್ ಪಾಲಿಶರ್ ಆಗಬಹುದು. ಉಣ್ಣೆಯ ಪ್ಯಾಡ್ ಹಾಕಿದ, ಬರೀ ಗಿರಗಿರನೆ ತಿರುಗುವ ರೋಟರಿ ಯಂತ್ರ ಒಂದೇ ಕಡೆ ಕಾವೇರಿಸಿ ಬಣ್ಣವನ್ನು ಕ್ಷಣದಲ್ಲಿ ತಿಂದುಹಾಕಬಲ್ಲದು. ಬಾನೆಟ್ಟಿನ ಏಣು, ಮಡ್‌ಗಾರ್ಡಿನ ಅಂಚು, ಬಾಗಿಲಿನ ಮಡಿಕೆ ಇಂಥ ಕಡೆಗಳಲ್ಲಿ ಬಣ್ಣ ಸಹಜವಾಗಿಯೇ ತೆಳುವಾಗಿರುವುದರಿಂದ, ಅಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ, ಕೊನೆಗೆ ಕೈಯಿಂದಲೇ ಉಜ್ಜಬೇಕು. ಪ್ಯಾಡಿನಲ್ಲಿ ಸತ್ತ ಬಣ್ಣ ಬೇಗ ತುಂಬಿಕೊಳ್ಳುತ್ತದೆ. ಅದನ್ನು ಆಗಾಗ ಸ್ವಚ್ಛಗೊಳಿಸದಿದ್ದರೆ ಅದೇ ಕೊಳೆಯನ್ನು ಮತ್ತೆ ಬಣ್ಣಕ್ಕೆ ತಿಕ್ಕಿದಂತಾಗುತ್ತದೆ. ಹಳೆಯ ಕೆಂಪು, ಹಳದಿ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಧೂಳೆಬ್ಬಿಸುವ ಕೆಲಸ ಖಂಡಿತ ಬೇಡ.

ಬಣ್ಣದ ದಪ್ಪ ಅಳೆಯುವ ಮೀಟರ್ ಉಪಯುಕ್ತವೇ, ಆದರೆ ಅದನ್ನು ಕುರುಡಾಗಿ ನಂಬಬಾರದು. ಉಕ್ಕಿನ ಮೇಲಿರುವ ಪ್ರೈಮರ್, ಬಣ್ಣ, ಪುಟ್ಟಿ ಎಲ್ಲವನ್ನೂ ಸೇರಿಸಿ ಅದು ಒಂದೇ ಅಂಕಿ ತೋರಿಸುತ್ತದೆ. ಒಂದು ಬಾಗಿಲಿನಲ್ಲಿ 120 ಮೈಕ್ರಾನ್ ಇದ್ದು ಪಕ್ಕದ ಬಾಗಿಲಿನಲ್ಲಿ 400 ಬಂದರೆ, ಅಲ್ಲಿ ಉಜ್ಜಲು ಬೇಕಾದಷ್ಟು ಬಣ್ಣವಿದೆ ಎಂದಲ್ಲ, ಎಂದೋ ಟಿಂಕರಿಂಗ್ (ನೆಗ್ಗು ತಿದ್ದಿ ಪುಟ್ಟಿ ತುಂಬುವ ಕೆಲಸ) ಆಗಿದೆ ಎಂದು ಊಹಿಸುವುದು ಸರಿ.

ಆಳವಾದ ಗೀರುಗಳನ್ನು ಅಳಿಸಲು 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ನುಣುಪಾದ ಉಜ್ಜುಕಾಗದ) ಹಿಡಿಯುವವರಿದ್ದಾರೆ. ಮೂಲ ಬಣ್ಣದ ಮೇಲೆ ನಾನು ಅದನ್ನು ಮುಟ್ಟಿಸುವುದಿಲ್ಲ. ಒಂದು ಗೀರು ಮಾಯವಾಗಬೇಕಾದರೆ ಅದರ ಸುತ್ತಲಿನ ಬಣ್ಣವೆಲ್ಲ ಗೀರಿನ ತಳದವರೆಗೆ ಇಳಿಯಬೇಕು. ನಲವತ್ತು ವರ್ಷ ಬಾಳಿದ ಬಣ್ಣವನ್ನು ಅದಕ್ಕಾಗಿ ವ್ಯಯಿಸುವುದು ನನಗೆ ಸರಿಕಾಣದು. ಕನ್ನಡಿಯಂಥ ಹೊಳಪು ಹೊಸ ಕಾರುಗಳ ಶೋರೂಮಿನಲ್ಲಿ ಇರಲಿ. ಹಳೆಯ ಕಾರಿನಲ್ಲಿ ಬಣ್ಣದ ಗಾಢತೆ ಮರಳಿ ಬಂದರೆ ಸಾಕು, ಸಣ್ಣ ಗೀರುಗಳು ಇದ್ದಲ್ಲೇ ಇರಲಿ.

ಕೊನೆಯಲ್ಲಿ ಕಾರ್ನೌಬಾ ಎಂಬ ತಾಳೆ ಜಾತಿಯ ಮರದ ಎಲೆಯಿಂದ ಸಿಗುವ ಮೇಣ ಹಚ್ಚಿ. ಬೆಂಗಳೂರಿನಂಥ ಊರುಗಳಲ್ಲಿ ಬೋರ್‌ವೆಲ್ಲಿನ ಗಡಸು ನೀರು ಬಿಸಿಲಿಗೆ ಆರಿದರೆ ಬಿಳಿ ಕಲೆ ಬಿಡುವುದರಿಂದ, ತೊಳೆದ ಕೂಡಲೇ ಒರೆಸುವುದೂ ಈ ಆರೈಕೆಯ ಭಾಗವೇ ಆಗಿದೆ. ಬಣ್ಣ ಬಿರುಕುಬಿಟ್ಟಿದ್ದರೆ ಅಥವಾ ಅಡಿಯಲ್ಲಿ ತುಕ್ಕು ಉಬ್ಬಿದ್ದರೆ ಮಾತ್ರ ಪಾಲಿಶ್ ನಿರರ್ಥಕ. ಆಗಲೂ ಆ ಒಂದು ಭಾಗವನ್ನಷ್ಟೇ ಪೇಂಟ್ ಮಾಡಿಸಿ, ಉಳಿದುದನ್ನು ಮುಟ್ಟದಂತೆ ಪೇಂಟರಿಗೆ ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ.